ನಾಲ್ಕು ರ್ಯಾಮ್ ಹಾಕಿದರೆ ಏಳದ ಕಂಪ್ಯೂಟರ್: ಏಳು ಪರೀಕ್ಷೆಯ ಲೆಕ್ಕ



ಮನೆಯಲ್ಲಿ ಬಲ್ಬು ಹತ್ತಲಿಲ್ಲ ಅಂದ್ರೆ ನೀವೇನು ಮಾಡ್ತೀರಿ? ಅದನ್ನು ಬಿಚ್ಚಿ, ಸರಿಯಾಗಿರುವ ಇನ್ನೊಂದು ಹೋಲ್ಡರಿಗೆ ಹಾಕಿ ನೋಡ್ತೀರಿ. ಅಲ್ಲಿ ಹತ್ತಿದರೆ ಬಲ್ಬು ಸರಿ, ಮೊದಲಿನ ಹೋಲ್ಡರ್ ಕೆಟ್ಟಿದೆ. ಅಲ್ಲೂ ಹತ್ತದಿದ್ದರೆ ಬಲ್ಬೇ ಹೋಗಿದೆ. ಇಷ್ಟೇ ಬುದ್ಧಿಯಿಂದ ಕಂಪ್ಯೂಟರಿನ ಒಂದು ಕಾಯಿಲೆಯನ್ನೂ ಕಂಡುಹಿಡಿಯಬಹುದು. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ನಾವು ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ರ್ಯಾಮ್ ಎಂದರೇನು?

ಕಂಪ್ಯೂಟರಿನಲ್ಲಿ ನೆನಪು ಎರಡು ಬಗೆ. ಹಾರ್ಡ್‌ಡಿಸ್ಕ್ ಎಂಬುದು ಕಣಜ ಇದ್ದ ಹಾಗೆ. ಕರೆಂಟ್ ಹೋದರೂ ತುಂಬಿಟ್ಟದ್ದು ಹಾಗೇ ಇರುತ್ತದೆ. ರ್ಯಾಮ್ ಎಂಬುದು ಲೆಕ್ಕ ಮಾಡುವ ಸ್ಲೇಟು. ಕರೆಂಟ್ ಹೋದ ಕೂಡಲೇ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಸ್ಲೇಟು ದೊಡ್ಡದಾದರೆ ಒಂದೇ ಸಲಕ್ಕೆ ಹೆಚ್ಚು ಕೆಲಸ ಮಾಡಬಹುದು. ರ್ಯಾಮ್ ಉದ್ದನೆಯ ಪಟ್ಟಿಯ ಆಕಾರದಲ್ಲಿದ್ದು, ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುತ್ತದೆ.

ಸ್ವಿಚ್ ಒತ್ತಿದೊಡನೆ ಬಯೋಸ್ ಎಂಬ ಚಿಕ್ಕ ಪ್ರೋಗ್ರಾಂ ಎಚ್ಚರವಾಗಿ ರ್ಯಾಮನ್ನು ವಿಚಾರಿಸುತ್ತದೆ. ಸರಿಯಾದ ಉತ್ತರ ಬರದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಪರದೆಗೆ ಇನ್ನೂ ಚಿತ್ರವೇ ಬಂದಿರುವುದಿಲ್ಲ. ಆದ್ದರಿಂದ ಎಷ್ಟೋ ಕಂಪ್ಯೂಟರುಗಳು ತಮ್ಮ ದೂರನ್ನು ಬೀಪ್ ಬೀಪ್ ಎಂಬ ಸದ್ದಿನಲ್ಲೇ ಹೇಳುತ್ತವೆ.

ನಮ್ಮ ತೊಂದರೆ

ನಮ್ಮ ಕಂಪ್ಯೂಟರಿನಲ್ಲಿ 2 ಜಿಬಿಯ ಎರಡು ಡಿಡಿಆರ್3 ಪಟ್ಟಿಗಳಿದ್ದವು. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಪುಟ ಅರ್ಧಕ್ಕೇ ನಿಂತು, ಬರೆದದ್ದೆಲ್ಲ ಹೋಗಿಬಿಡುತ್ತಿತ್ತು. ಮೂಲೆ ಸೇರಿದ್ದ ಹಳೇ ಕಂಪ್ಯೂಟರಿನಿಂದ ಅದೇ ಅಳತೆಯ, ಅದೇ ವೇಗದ ಇನ್ನೆರಡು ಪಟ್ಟಿ ತೆಗೆದು ಹಾಕಿದೆವು. ನಾಲ್ಕೂ ಸ್ಲಾಟ್ ತುಂಬಿ 8 ಜಿಬಿ ಆಗಬೇಕಿತ್ತು. ಆದರೆ ಫ್ಯಾನ್ ತಿರುಗಿತು, ಬೀಪ್ ಬಂತು, ಪರದೆ ಮಾತ್ರ ಕಪ್ಪು! ಹೊಸ ಎರಡನ್ನು ತೆಗೆದರೆ ಮತ್ತೆ ಸರಿ.

ಪೇಟೆಯಿಂದ ಬಂದ ರಿಪೇರಿಯವರು ನೋಡಿ, "ಬೋರ್ಡು ಹೋಗಿದೆ, ಹೊಸದು ಹಾಕ್ಸಿ" ಅಂದರು. ಹೊಸ ಬೋರ್ಡಿಗೆ ಶಾಲೆಯಲ್ಲಿ ದುಡ್ಡಿರಲಿಲ್ಲ. ಅರ್ಜಿಯ ಕೊನೇ ದಿನ ಹತ್ತಿರ ಬರುತ್ತಿತ್ತು. ಆಗ ನಮ್ಮ ವಿಜ್ಞಾನದ ಮೇಷ್ಟ್ರು, "ಪರೀಕ್ಷೆ ಮಾಡದೆ ಫಲಿತಾಂಶ ಹೇಳಬಾರದು ಕಣ್ರೋ, ಬನ್ನಿ ನೋಡೋಣ" ಅಂದರು.

ಲೆಕ್ಕ ಹೀಗಿದೆ

ನಾಲ್ಕು ಪಟ್ಟಿಗಳನ್ನು ನಾಲ್ಕು ಸ್ಲಾಟುಗಳಲ್ಲಿ ಅದಲು ಬದಲು ಮಾಡಿ ಇಡಲು 4×3×2×1 = 24 ದಾರಿಗಳಿವೆ. ಆದರೆ ಒಂದು ಸ್ಲಾಟ್ ಕೆಟ್ಟಿದ್ದರೆ 24 ಸಲವೂ ಪರದೆ ಕಪ್ಪೇ! ಅಷ್ಟು ಕಷ್ಟಪಟ್ಟರೂ ಏನೂ ತಿಳಿಯುವುದಿಲ್ಲ. ಒಂದೊಂದನ್ನೇ ಪರೀಕ್ಷಿಸಿದರೆ 7 ಸಲ ಸಾಕು. ಪಟ್ಟಿಗಳಿಗೆ ಅ, ಆ, ಇ, ಈ ಎಂದು ಚೀಟಿ ಅಂಟಿಸಿದೆವು. ಸ್ಲಾಟುಗಳಿಗೆ ಪ್ರೊಸೆಸರ್ ಕಡೆಯಿಂದ 1, 2, 3, 4 ಎಂದು ಹೆಸರಿಟ್ಟೆವು.

ಮೊದಲ 4 ಪರೀಕ್ಷೆ: ಸ್ಲಾಟ್ 2ರಲ್ಲಿ ಅ, ಆ, ಇ, ಈ ಪಟ್ಟಿಗಳನ್ನು ಒಂದೊಂದಾಗಿ ಹಾಕಿದೆವು. ನಾಲ್ಕರಲ್ಲೂ ಚಿತ್ರ ಬಂತು. ಅಂದರೆ ಪಟ್ಟಿಗಳೆಲ್ಲ ಸರಿ.

ಉಳಿದ 3 ಪರೀಕ್ಷೆ: ಪಟ್ಟಿ 'ಅ' ಒಂದನ್ನೇ 1, 3, 4ನೇ ಸ್ಲಾಟಿಗೆ ಹಾಕಿದೆವು. 1ರಲ್ಲಿ ಬಂತು. 3ರಲ್ಲಿ ಬಂತು. 4ರಲ್ಲಿ ಬೀಪ್!

ಕಳ್ಳ ಸಿಕ್ಕಿಬಿದ್ದ. ಟಾರ್ಚ್ ಹಾಕಿ ನೋಡಿದರೆ 4ನೇ ಸ್ಲಾಟಿನೊಳಗೆ ದೂಳು, ಜೇಡರ ಬಲೆಯ ಚೂರು. ಒಣಗಿದ ಮೆತ್ತನೆಯ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ತೆಗೆದೆವು. ಬಾಯಿಂದ ಊದಬಾರದು, ಎಂಜಲಿನ ತೇವ ಒಳಗೆ ಹೋಗುತ್ತದೆ. ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿದೆವು. ಈಗ 4ರಲ್ಲೂ ಬಂತು. ನಾಲ್ಕೂ ಪಟ್ಟಿ ಹಾಕಿದಾಗ ಪರದೆಯಲ್ಲಿ 8 ಜಿಬಿ ಎಂದು ತೋರಿಸಿತು. ಖರ್ಚು ಏನೂ ಆಗಲಿಲ್ಲ. ಆ ವಾರವೇ ನಮ್ಮ ತರಗತಿಯವರೆಲ್ಲರ ಅರ್ಜಿಗಳೂ ಹೋದವು. ಒಂದು ವೇಳೆ ಸ್ಲಾಟ್ ನಿಜವಾಗಿ ಕೆಟ್ಟಿದ್ದರೂ ಮೂರು ಪಟ್ಟಿಯಿಂದ 6 ಜಿಬಿ ಸಿಗುತ್ತಿತ್ತು, ಬೋರ್ಡನ್ನು ಎಸೆಯಬೇಕಿರಲಿಲ್ಲ.

ಎಲ್ಲ ಸರಿಯಿದ್ದೂ ಏಳದಿದ್ದರೆ?

1. ಜಾತಿ ನೋಡಿ. ಡಿಡಿಆರ್3 ಪಟ್ಟಿಗೆ 240 ಪಿನ್, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಅಂಚಿನ ಕಚ್ಚಿನ ಜಾಗವೂ ಬೇರೆ. ಕೂರದಿದ್ದರೆ ಒತ್ತಾಯ ಮಾಡಬೇಡಿ.

2. ವೇಗ ನೋಡಿ. ಒಂದು ನಲ್ಲಿಯಿದ್ದ ಪೈಪಿಗೆ ಇನ್ನೊಂದು ನಲ್ಲಿ ಹಾಕಿದರೆ ನೀರಿನ ರಭಸ ಕಡಿಮೆಯಾಗುತ್ತೆ ಅಲ್ವಾ? ಹಾಗೆಯೇ ಒಂದೇ ದಾರಿಯಲ್ಲಿ ಎರಡು ಪಟ್ಟಿ ಕೂತರೆ ಸಂಕೇತಗಳು ದುರ್ಬಲವಾಗುತ್ತವೆ. 2022ರಲ್ಲಿ ಬಂದ ರೈಜನ್ 7000 ಪ್ರೊಸೆಸರಿಗೆ ತಯಾರಕರೇ ಹೇಳಿರುವ ಡಿಡಿಆರ್5 ವೇಗ ಎರಡು ಪಟ್ಟಿಗೆ 5200, ನಾಲ್ಕು ಪಟ್ಟಿಗೆ 3600. ಆದ್ದರಿಂದ ಬಯೋಸಿನಲ್ಲಿ ವೇಗವನ್ನು ಇಳಿಸಿ ನೋಡಬೇಕು.

3. ತಾಳ್ಮೆ ಇರಲಿ. ಡಿಡಿಆರ್5 ಕಂಪ್ಯೂಟರು ಹೊಸ ಪಟ್ಟಿ ಹಾಕಿದ ಮೊದಲ ಸಲ ಏಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಕೆಟ್ಟಿತೆಂದು ನಡುವೆ ಆರಿಸಬೇಡಿ.

ಎಚ್ಚರಿಕೆ

ಮೇಷ್ಟ್ರು ಇಲ್ಲದೆ ಪೆಟ್ಟಿಗೆ ತೆರೆಯಬೇಡಿ. ಪ್ರತಿ ಸಲವೂ ಪ್ಲಗ್ ಕಿತ್ತು, ಉಳಿದ ಕರೆಂಟ್ ಹೋಗಲು ಸ್ವಿಚ್ಚನ್ನು ಒಮ್ಮೆ ಒತ್ತಿ, ಪೆಟ್ಟಿಗೆಯ ಬರಿ ಲೋಹದ ಭಾಗವನ್ನು ಮುಟ್ಟಿದ ಮೇಲೆಯೇ ರ್ಯಾಮ್ ಮುಟ್ಟಬೇಕು. ನಮ್ಮ ಮೈಮೇಲಿನ ಸ್ಥಾಯೀ ವಿದ್ಯುತ್ತು ನಮಗೆ ಗೊತ್ತೇ ಆಗದಂತೆ ಅದನ್ನು ಸುಟ್ಟುಬಿಡಬಹುದು. ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಯಾವತ್ತೂ ಬಿಚ್ಚಬಾರದು.

ನೆನಪಿಡಿ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬಂದ ಫಲವನ್ನು ಬರೆದಿಡಿ. ಪಂಪ್‌ಸೆಟ್ಟಿಗೂ ಸೈಕಲ್ಲಿಗೂ ಇದೇ ಸೂತ್ರ.

ತಲೆಗೆ ಕೆಲಸ: ಸ್ಲಾಟ್ 2ರಲ್ಲಿ ನಾಲ್ಕು ಪಟ್ಟಿಗಳೂ ಏಳಲಿಲ್ಲ ಅಂದುಕೊಳ್ಳಿ. ಯಾವುದರ ಮೇಲೆ ಮೊದಲು ಅನುಮಾನ ಪಡಬೇಕು, ಮುಂದಿನ ಪರೀಕ್ಷೆ ಯಾವುದು? ಉತ್ತರವನ್ನು ಕಾರಣ ಸಹಿತ ಬರೆದು ಪ್ರಶ್ನೆ ಪೆಟ್ಟಿಗೆಗೆ ಹಾಕಿ. ಸರಿಯುತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

– 10ನೇ ತರಗತಿ, ವಿಜ್ಞಾನ ಸಂಘ