'ಬಳಕೆ', 'ಸಾಂಸ್ಕೃತಿಕ': ನಡುವೆ ಉಳಿಯುವ ವಿದ್ಯಾರ್ಥಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮವು ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ'ವನ್ನೂ ಅರಿಯದವರಿಗೆ 'ಬಳಕೆ ಕನ್ನಡ'ವನ್ನೂ ನಿಗದಿಪಡಿಸಿತು. ವಚನ, ಕೀರ್ತನೆಗಳ ಓದು ಒಂದೆಡೆ. ದಿನಬಳಕೆಯ ಸಂಭಾಷಣೆ ಇನ್ನೊಂದೆಡೆ. ಈ ವಿಂಗಡಣೆ ಸ್ವಾಗತಾರ್ಹವೇ. ಆದರೆ ಮನೆಯಲ್ಲಿ ಕನ್ನಡವನ್ನೇ ಆಡುತ್ತ, ಆಂಗ್ಲ ಮಾಧ್ಯಮದಲ್ಲಿ ಕಲಿತು, ಒತ್ತಕ್ಷರಗಳಲ್ಲಿ ತಡವರಿಸುವ ವಿದ್ಯಾರ್ಥಿ ಎಲ್ಲಿ ಕೂರಬೇಕು? ಮೊದಲನೆಯದರಲ್ಲಿ ಪಠ್ಯವೇ ಅವನ ಕೈಗೆಟುಕದು. ಎರಡನೆಯದರಲ್ಲಿ 'ನಿಮ್ಮ ಹೆಸರೇನು?' ಎಂಬ ಪಾಠ ಅವನಿಗೆ ಅವಮಾನವೆನಿಸೀತು. ತೆಲುಗು ಭಾಷಿಕನ ಸ್ಥಿತಿ ಬೇರೆ: ಲಿಪಿಸಾಮ್ಯದಿಂದ ಅಕ್ಷರ ಬೇಗ ಒಲಿಯುತ್ತದೆ, ಮಾತಿಗೆ ಅಭ್ಯಾಸ ಬೇಕು. ಹಿಂದಿ ಭಾಷಿಕನಿಗೆ ಎರಡೂ ಹೊಸತು. ಆಲಿಸುವಿಕೆ, ಮಾತು, ಓದು, ಬರಹಗಳ ಸಾಮರ್ಥ್ಯ ಒಬ್ಬನಲ್ಲಿಯೇ ಸಮನಾಗಿರುವುದಿಲ್ಲ. ಆದುದರಿಂದ ಮಾತೃಭಾಷೆಯನ್ನು ಕೇಳಿ ತರಗತಿ ಹಂಚುವುದಕ್ಕಿಂತ, ಮೊದಲ ವಾರದಲ್ಲಿಯೇ ಒಂದು ಪುಟ ಓದಿಸಿ, ಐದು ಸಾಲು ಬರೆಯಿಸಿ ನೋಡುವುದು ಲೇಸು.