ಎದ್ದಾಗಿನಿಂದ ಮಲಗುವವರೆಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಪ್ಪ-ಅಮ್ಮಂದಿರೇ, ಮಗುವಿನ ಶ್ರವಣಸಾಧನ ಶಾಲೆಯ ಹೊತ್ತಿಗಷ್ಟೇ ಸೀಮಿತವಾಗದಿರಲಿ. ಸ್ನಾನ, ನಿದ್ದೆ ಬಿಟ್ಟು ದಿನವಿಡೀ ಕಿವಿಯಲ್ಲಿರಬೇಕು. ಅಡುಗೆಮನೆಯ ಗದ್ದಲ, ಅಜ್ಜಿಯ ಬೈಗುಳ ಎಲ್ಲವೂ ಮಾತು ಕಲಿಸುತ್ತವೆ. ನೆಂಟರು ನೋಡುತ್ತಾರೆಂದು ಮದುವೆಮನೆಯಲ್ಲಿ ತೆಗೆದಿಡುವವರಿದ್ದಾರೆ. ಅಷ್ಟೊಂದು ಮಾತು ಇನ್ನೆಲ್ಲಿ ಸಿಕ್ಕೀತು?

ಸಾಧನ ಕುಂಯ್ ಎಂದು ಸದ್ದು ಮಾಡಿದರೆ ಕೆಟ್ಟಿತೆಂದು ಬೀರುವಿಗೆ ಸೇರಿಸಬೇಡಿ. ಮಗುವಿನ ಜೊತೆ ಕಿವಿಯೂ ಬೆಳೆದು, ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಸಡಿಲವಾಗಿರುತ್ತದೆ. ಬಹಳ ಸಲ ಹೊಸ ಅಚ್ಚು ಹಾಕಿಸಿದರೆ ಸಾಕು. ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ತೇವ ಹೀರುತ್ತದೆ. ಗುಂಡಿಯಂಥ ಬ್ಯಾಟರಿ ಮಾತ್ರ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಜೀವಕ್ಕೇ ಕುತ್ತು.

ಕೇಂದ್ರದ ಎಡಿಪ್ ಯೋಜನೆಯಲ್ಲಿ ಬಡ ಕುಟುಂಬದ ಮಕ್ಕಳಿಗೆ ಸಾಧನ ಉಚಿತ. ದಾವಣಗೆರೆಯ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ 1965ರಿಂದ ಮಾತು, ಶ್ರವಣದ ಕೆಲಸದಲ್ಲೇ ಇದೆ.