ಕೆಲಸ ಬಿಡುವ ಮೊದಲು ಅಡುಗೆಮನೆಯ ಲೆಕ್ಕ ಬರೆಯಿರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹುಡುಗರಿಂದ ನನಗೆ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಬೆಂಗಳೂರು ಸಾಕಾಗಿದೆ, ಊರಿಗೆ ಬರ್ತೀನಿ. ಎರಡು ಎಕರೆ ಇದೆ. ಏನು ಹಾಕ್ಲಿ?" ಡ್ರ್ಯಾಗನ್ ಫ್ರೂಟ್ ಹಾಕ್ಲಾ, ಅಣಬೆ ಮಾಡ್ಲಾ ಅಂತ ಜೊತೆಗೊಂದು ವಿಡಿಯೊ ಕೊಂಡಿ ಬೇರೆ. ನಾನು ವಾಪಸ್ ಕೇಳೋದೂ ಒಂದೇ ಪ್ರಶ್ನೆ: ಕಳೆದ ವಾರ ನಿಮ್ಮನೆಗೆ ಸಂತೆಯಿಂದ ಏನೇನು ತಂದ್ರಿ?

ತಮಾಷೆಗೆ ಕೇಳೋದಲ್ಲ. ನಮ್ಮ ಮೂರು ತಾಲ್ಲೂಕಿನಲ್ಲಿ "ಹೇಗೂ ಅಡಿಕೆ ಇದೆಯಲ್ಲ" ಅನ್ನುವ ಧೈರ್ಯ ಈಗ ಮೊದಲಿನಂತಿಲ್ಲ. ಶೃಂಗೇರಿ, ಕೊಪ್ಪದ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ತಿಂದು ಹಾಕಿದೆ. ಅದು ಫೈಟೊಪ್ಲಾಸ್ಮಾದಿಂದ ಬರುವ ರೋಗ, ಬಂದ ಮರವನ್ನು ಗುಣ ಮಾಡುವ ಔಷಧಿ ಇಲ್ಲ. ಅದರ ಮೇಲೆ ಎಲೆಚುಕ್ಕಿ ರೋಗ. ಹೀಗಿರುವಾಗ ಸಾಲ ಮಾಡಿ ಗದ್ದೆಗೆ ಮತ್ತೆ ಅಡಿಕೆ ಸಸಿ ನೆಡುವುದು, ಅಥವಾ ಇರುವ ಸಂಬಳ ಬಿಟ್ಟು ಗೊತ್ತಿಲ್ಲದ ಬೆಳೆಗೆ ಕೈ ಹಾಕುವುದು ಎರಡೂ ಅಪಾಯ. ಮೊದಲ ವರ್ಷ ಹೋದರೂ ಮನೆ ಮುಳುಗದಂಥ ದಾರಿ ಬೇಕು. ನನ್ನ ಪ್ರಕಾರ ಅದು ಅಡುಗೆಮನೆಯಿಂದ ಶುರುವಾಗುತ್ತದೆ.

ಮೊದಲ ಪಾಠ ಫೋನಿನಲ್ಲೇ. ನಾಲ್ಕು ವಾರ, ಮನೆಗೆ ದುಡ್ಡು ಕೊಟ್ಟು ತಂದ ತಿನ್ನುವ ಪದಾರ್ಥಗಳನ್ನೆಲ್ಲ ನೋಟ್ಸಿನಲ್ಲಿ ಬರೆಯಿರಿ: ಏನು, ಎಷ್ಟು ಕೆ.ಜಿ., ಎಷ್ಟು ರೂಪಾಯಿ. ನೀವು ಬೆಂಗಳೂರಿನಲ್ಲಿದ್ದರೆ ಅಮ್ಮನಿಗೋ ಅತ್ತಿಗೆಗೋ ಫೋನ್ ಮಾಡಿ ಕೇಳಿ. ತೋಟದ ಮನೆಯಲ್ಲೂ ಟೊಮೆಟೊ, ಈರುಳ್ಳಿ, ಆಲೂಗೆಡ್ಡೆ ಬಿಡಿ, ಕೊತ್ತಂಬರಿ ಸೊಪ್ಪು, ಹಸಿಮೆಣಸು, ಸೌತೆಕಾಯಿವರೆಗೆ ಪಿಕಪ್ ಗಾಡಿಯಲ್ಲಿ ಘಟ್ಟದ ಕೆಳಗಿಂದಲೋ ಬಯಲುಸೀಮೆಯಿಂದಲೋ ಬಂದದ್ದು ಅನ್ನೋದು ಆಗ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿಯಲ್ಲಿ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗುವುದಕ್ಕೆ ಗೆರೆ ಎಳೆಯಿರಿ. ಅದೇ ನಿಮ್ಮ ಮೊದಲ ಬೆಳೆ ಯೋಜನೆ. ಈರುಳ್ಳಿ, ಆಲೂಗೆಡ್ಡೆಗೆ ಗೆರೆ ಬೇಡ, ಅದನ್ನು ಕೊಂಡೇ ತಿನ್ನೋಣ.

ಮಳೆಗೆ ಒಗ್ಗುವುದು ಅಂದೆ. ತಾರಸಿ ತೋಟದ ವಿಡಿಯೊಗಳು ನಮ್ಮಲ್ಲಿ ಕೈಕೊಡುವುದು ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆಗೆ ಗ್ರೋ ಬ್ಯಾಗಿನ ಗೊಬ್ಬರದ ಸಾರವೆಲ್ಲ ತೊಳೆದು ಹೋಗುತ್ತದೆ, ಬೇರು ಕೊಳೆಯುತ್ತದೆ, ಬಿಸಿಲೂ ಇಲ್ಲ. ಕೊಪ್ಪ ಪೇಟೆಯ ತಾರಸಿ ಮನೆಗಳಿಗೂ ಮೇಲೆ ಶೀಟು ಹಾಕಿರುತ್ತಾರೆ, ಅದರಡಿ ಟೊಮೆಟೊ ಆಗೋದಿಲ್ಲ. ನಮ್ಮ ಹಿರಿಯರು ಮಳೆಗಾಲದಲ್ಲಿ ತರಕಾರಿ ಬೆಳೆಯುವುದಕ್ಕಿಂತ ಮಳೆಗಾಲಕ್ಕಾಗಿ ಬೆಳೆದಿಡುತ್ತಿದ್ದರು. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಬಣ್ಣದ ಸೌತೆ, ಅಂದರೆ ಮೊಗೆಕಾಯಿ, ಸಿಹಿಗುಂಬಳ, ಬೂದುಗುಂಬಳ ಹಾಕುತ್ತಿದ್ದರು. ಬಲಿತ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಬಿಟ್ಟರೆ ತಿಂಗಳುಗಟ್ಟಲೆ ಕೆಡದು. ಫ್ರಿಜ್ಜೂ ಬೇಡ, ಕರೆಂಟೂ ಬೇಡ. ಒಂದಕ್ಕೊಂದು ತಾಗಬಾರದು, ಏಟು ಬಿದ್ದ ಕಾಯಿ ಇಡಬಾರದು, ಅಷ್ಟೇ.

ಮಳೆಯಲ್ಲೇ ಬೆಳೆಯುವುದೂ ಇದೆ. ಕೆಸು ನೀರು ನಿಲ್ಲುವ ಜಾಗದಲ್ಲೂ ಬರುತ್ತದೆ. ಅದರ ತುರಿಕೆಗೆ ಕಾರಣ ಸೂಜಿಯಂಥ ಆಕ್ಸಲೇಟ್ ಹರಳು. ಅದಕ್ಕೇ ಪತ್ರೊಡೆಗೆ ಹುಳಿ ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸುವುದು. ಬಚ್ಚಲ ನೀರು ಹೋಗುವ ಕಡೆ ಒಂದೆಲಗ, ಗೋಡೆ ಬದಿಗೆ ದೊಡ್ಡಪತ್ರೆ, ಚಪ್ಪರಕ್ಕೆ ಬಸಳೆ, ಹೀರೆ, ಮಳೆಗಾಲದ ಸೌತೆ. ತಂಬುಳಿಯನ್ನು ಕಂಡುಹಿಡಿದವರು ದೊಡ್ಡ ಲೆಕ್ಕಿಗರಿರಬೇಕು: ಒಂದು ಹಿಡಿ ಸೊಪ್ಪು, ಒಂದಿಷ್ಟು ಕಾಯಿತುರಿ, ಮಜ್ಜಿಗೆ, ನಾಲ್ಕು ಜನರ ಊಟ ಮುಗಿಯಿತು!

ಬೆಂಗಳೂರಿನಲ್ಲೇ ಇರುವವರು ಸುಮ್ಮನೆ ಕೂರಬೇಡಿ. ಅಲ್ಲಿ ಮಳೆ ಕಡಿಮೆ, ತಾರಸಿಯಲ್ಲಿ ಬಿಸಿಲಿದೆ. ಆರು ಚೀಲದಲ್ಲಿ ಹರಿವೆ ಹಾಕಿ, 25ರಿಂದ 30 ದಿನಕ್ಕೆ ಕೊಯ್ಲು. ಇದರಿಂದ ದುಡ್ಡು ಹುಟ್ಟುವುದಿಲ್ಲ. ಆದರೆ ದಿನಾ ಬೆಳಗ್ಗೆ ಎದ್ದು ನೀರು ಹಾಕುವುದು, ಹುಳ ಹುಡುಕುವುದು ನಿಮಗೆ ಮೂರು ತಿಂಗಳಿಗೇ ಬೇಜಾರಾಗುತ್ತದೋ ಇಲ್ಲವೋ ಅನ್ನುವುದು ಗೊತ್ತಾಗುತ್ತದೆ. ಎರಡು ಎಕರೆ ಹಾಳು ಮಾಡಿ ಕಲಿಯುವುದಕ್ಕಿಂತ ಆರು ಚೀಲದಲ್ಲಿ ಕಲಿಯುವುದು ಅಗ್ಗ.

ಮನೆಗೆ ಸಾಕಾದ ಮೇಲೆ ಮಾರುವ ಮಾತು. ಒಂದೇ ಪದಾರ್ಥ ಹಿಡಿಯಿರಿ. ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲರ ಬಾಯಲ್ಲಿದೆ, ಆದರೆ ಒಳ್ಳೆ ಜಾತಿಯ ಮರ ನಿಮ್ಮಲ್ಲಿಲ್ಲದಿದ್ದರೆ ಮಿಡಿಯ ರೇಟಿಗೇ ಕೈ ಸುಡುತ್ತದೆ. ಹಲಸು ಹಾಗಲ್ಲ, ನೆಲಕ್ಕೆ ಬಿದ್ದು ಕೊಳೆಯುವಷ್ಟಿದೆ. ಆದ್ದರಿಂದ ಹಲಸಿನ ಹಪ್ಪಳವೇ ನನ್ನ ಆಯ್ಕೆ.

ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಸಿಹಿ ಬಂದ ಸೊಳೆಯ ಹಪ್ಪಳ ಕರಿದಾಗ ಕಪ್ಪಾಗುತ್ತದೆ. ಸೊಳೆಯನ್ನು ನೀರಲ್ಲಿ ಬೇಯಿಸಬೇಡಿ, ಹಬೆಯಲ್ಲಿ ಬೇಯಿಸಿ. ನೀರು ಸೇರಿದರೆ ಹಿಟ್ಟು ಅಂಟುತ್ತದೆ, ಒಣಗುವುದು ತಡವಾಗುತ್ತದೆ. ಬಿಸಿ ಇರುವಾಗಲೇ ನೀರು ಹಾಕದೆ ರುಬ್ಬಿ, ಉಪ್ಪು, ಜೀರಿಗೆ, ಕೊತ್ತಂಬರಿ ಬೀಜ ಸೇರಿಸಿ. ಖಾರಕ್ಕೆ ನಿಮ್ಮ ತೋಟದ ಜೀರಿಗೆ ಮೆಣಸನ್ನೇ ಹಾಕಿ, ಪೇಟೆಯವರು ಕೇಳಿ ತೆಗೆದುಕೊಳ್ಳುತ್ತಾರೆ. ಒತ್ತಿದ ಹಪ್ಪಳಕ್ಕೆ ಎರಡು ಮೂರು ದಿನದ ಗಟ್ಟಿ ಬಿಸಿಲು ಬೇಕು. ಮುರಿದಾಗ ಚಟ್ ಅಂತ ಸದ್ದು ಬರಬೇಕು. ಬಗ್ಗಿದರೆ ಇನ್ನೊಂದು ಬಿಸಿಲು. ಅರೆ ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ಜುಲೈ ಹೊತ್ತಿಗೆ ಬೂಸಲು ಖಂಡಿತ, ಅದನ್ನು ಗಿರಾಕಿಗೆ ಕಳಿಸಿದರೆ ಹೆಸರು ಹೋಯಿತು.

ಈಗ ಲೆಕ್ಕ. ಉದಾಹರಣೆಗೆ, ಮನೆಯ ಇಬ್ಬರು ಒಂದು ದಿನ ಕೂತು 250 ಹಪ್ಪಳ ಒತ್ತಿದರು ಅಂತಿಟ್ಟುಕೊಳ್ಳಿ. ಒಬ್ಬರಿಗೆ 500 ರೂಪಾಯಿ ಕೂಲಿ ಹಿಡಿದರೆ 1000, ಅಂದರೆ ಒಂದು ಹಪ್ಪಳಕ್ಕೆ 4 ರೂಪಾಯಿ ಬರೀ ಕೂಲಿ. 25ರ ಕಟ್ಟನ್ನು 100 ರೂಪಾಯಿಗೆ ಕೊಟ್ಟರೆ ಕೂಲಿ ಮಾತ್ರ ಹುಟ್ಟಿತು. ಸೌದೆ, ಮೆಣಸು, ಪ್ಯಾಕೆಟ್ಟು, ಬಸ್ ಪಾರ್ಸೆಲ್ಲಿನ ದುಡ್ಡೆಲ್ಲ ಕೈಯಿಂದ. "ಅಮ್ಮ ಮನೇಲೇ ಇರ್ತಾರಲ್ಲ, ಅವರಿಗೇನು ಕೂಲಿ?" ಅನ್ನುವವರಿಗೆ ನನ್ನ ಉತ್ತರ: ಅಮ್ಮನ ಬೆನ್ನುನೋವನ್ನು ಲಾಭ ಅಂತ ಬರೆಯಬೇಡಿ. ಕೂಲಿ ಹಾಕಿದ ಮೇಲೂ ಉಳಿದರೆ ಮಾತ್ರ ಅದು ದಾರಿ. ಉಳಿಯದಿದ್ದರೆ ರೇಟು ಏರಿಸಿ, ಇಲ್ಲಾ ಮನೆಯ ಖರ್ಚಿಗಷ್ಟೇ ಮಾಡಿ.

ಮಾರುವ ಮುಂಚೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಣ್ಣ ಮನೆ ತಯಾರಕರಿಗೆ ದೊಡ್ಡ ಲೈಸೆನ್ಸ್ ಬೇಡ, ನೋಂದಣಿ ಸಾಕು. ಫಾಸ್ಕಾಸ್ ಪೋರ್ಟಲ್ಲಿನಲ್ಲಿ ಫೋನಿನಿಂದಲೇ ಅರ್ಜಿ ಹಾಕಬಹುದು, ಈಗಿನ ವಹಿವಾಟು ಮಿತಿ ಮತ್ತು ಶುಲ್ಕ ಅಲ್ಲೇ ಇರುತ್ತದೆ. ಸಿಗುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲೆ ಇರಬೇಕು, ಜೊತೆಗೆ ಪದಾರ್ಥಗಳು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಿಮ್ಮ ವಿಳಾಸ, ಹಸಿರು ಚುಕ್ಕಿ. ಏನಾದರೂ ಗೊತ್ತಾಗದಿದ್ದರೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ನಮ್ಮ ಜಿಲ್ಲೆಯದು ಅಲ್ಲೇ ಇರುವುದು.

ಮೂರು ತಾಲ್ಲೂಕಿಗೂ ಒಂದೇ ತಾರೀಖು ನಡೆಯುವುದಿಲ್ಲ. ಆಗುಂಬೆ ಸೆರಗಿನ ಶೃಂಗೇರಿ ಕಡೆಯವರು ಮಳೆ ಹಿಡಿಯುವ ಮೊದಲೇ ಹಪ್ಪಳ ಮುಗಿಸಿರಬೇಕು. ಭದ್ರಾ ಹಿನ್ನೀರಿನ ನರಸಿಂಹರಾಜಪುರದವರಿಗೆ ಬಿಸಿಲು ಸ್ವಲ್ಪ ಹೆಚ್ಚು ದಿನ ಸಿಗುತ್ತದೆ, ಬೇಸಿಗೆ ತರಕಾರಿಯೂ ಅವರಿಗೆ ಸಲೀಸು. ಕೊಪ್ಪ ನಡುವೆ. ಚಪ್ಪರದ ಗೂಟ, ಹೀರೆ ಬೀಜ, ಕೆಸುವಿನ ಗೆಡ್ಡೆ ಮಾತ್ರ ಎಲ್ಲರೂ ಮೇ ಮುಗಿಯುವುದರೊಳಗೆ ಹೊಂದಿಸಿಟ್ಟುಕೊಳ್ಳಿ. ನಿಮ್ಮ ನಾಲ್ಕು ವಾರದ ಪಟ್ಟಿ ಸಿದ್ಧವಾದರೆ ಫೋಟೊ ಹೊಡೆದು ಕಳಿಸಿ, ಯಾವುದಕ್ಕೆ ಗೆರೆ ಎಳೆಯಬಹುದು ಅಂತ ಸೇರಿ ನೋಡೋಣ.